ಕುಕ್ಕರಹಳ್ಳಿ ಕೆರೆಯೇ ‘ಕ’ದ ಹೊಟ್ಟೆ

ಮೊನ್ನೆ ಭಾನುವಾರ ಬೆಳಿಗ್ಗೆ ಮೈಸೂರಿನ ಮ್ಯಾಪ್ ಮೇಲೆ ಒಂದು ‘ಕ’ ಬರೆದೆ. ಓಡಿ ಬರೆದೆ. ಫೋನಲ್ಲಿ ಸ್ಟ್ರಾವಾ ಅನ್ನೋ ಓಟ ದಾಖಲಿಸುವ ಆ್ಯಪ್ ಆನ್ ಮಾಡಿಕೊಂಡು ಓಡಿದರೆ, ಹೋದ ದಾರಿಯೆಲ್ಲ ಮ್ಯಾಪ್‌ನಲ್ಲಿ ಗೆರೆಯಾಗಿ ಉಳಿಯುತ್ತೆ. ಆ ಗೆರೆಯಿಂದ ಒಂದು ಚಿತ್ರ ಮೂಡುವ ಹಾಗೆ ದಾರಿಯನ್ನ ಮೊದಲೇ ಗುರುತು ಹಾಕಿಕೊಂಡು ಓಡೋದು, ಇಲ್ಲ ಸೈಕಲ್ ಹೊಡೆಯೋದು. ಇದಕ್ಕೆ ಜಿಪಿಎಸ್ ಆರ್ಟ್ ಅಂತಾರೆ.

‘ಕ’ದ ಕೆಳಗಿನ ದುಂಡು ಹೊಟ್ಟೆ ಇದೆಯಲ್ಲ, ಅದು ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಕಾಲುದಾರಿ. ಅಲ್ಲಿಂದ ಹುಣಸೂರು ರಸ್ತೆ ದಾಟಿ ಉತ್ತರಕ್ಕೆ ಹತ್ತಿದರೆ ಅಕ್ಷರದ ಬೆನ್ನು. ನಡುವಿನ ಅಡ್ಡಗೆರೆ ಕಾಳಿದಾಸ ರಸ್ತೆ. ಒಂಟಿಕೊಪ್ಪಲಿನ ಒಂದು ಬೀದಿ ತಲೆಕಟ್ಟು. ಕೆರೆ ಪೂರ್ತಿ ದುಂಡಗಿಲ್ಲ, ಅಕ್ಷರ ಸ್ವಲ್ಪ ಓರೆಯಾಗಿದೆ. ಆದರೂ ನೋಡಿದ ತಕ್ಷಣ ಒಂದನೇ ಕ್ಲಾಸಿನ ಮಗು ಕೂಡ ‘ಕ’ ಅಂತ ಓದುತ್ತೆ. ಎಷ್ಟೋ ವರ್ಷದಿಂದ ಆ ಕೆರೆ ಸುತ್ತಿದ್ದೇನೆ. ಅದರೊಳಗೆ ಒಂದು ಅಕ್ಷರ ಕೂತಿದೆ ಅಂತ ಗೊತ್ತಾಗಿದ್ದು ಈಗ.

ಈ ಕಲೆ ತೀರಾ ಹಳೆಯದಲ್ಲ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲನ್ನ ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಅಂಥದ್ದರಲ್ಲಿ ಯಾರಿಗೆ ಚಿತ್ರ ಬರೆಯೋಕಾಗುತ್ತೆ? ಅದನ್ನು ನಿಲ್ಲಿಸಿದ ಮೇಲೆ ಇಂಗ್ಲೆಂಡಿನ ಜೆರೆಮಿ ವುಡ್ ಥರದ ಕಲಾವಿದರು ಶುರು ಮಾಡಿದರು. ಜಪಾನಿನ ಯಾಸುಶಿ ತಕಾಹಾಶಿ ಇಡೀ ದೇಶ ಸುತ್ತಿ, 7,163 ಕಿ.ಮೀ. ಉದ್ದದ ಗೆರೆಯಲ್ಲಿ ‘ಮ್ಯಾರಿ ಮಿ’ ಅಂತ ಬರೆದು ತನ್ನ ಹುಡುಗಿಯನ್ನ ಮದುವೆಗೆ ಕೇಳಿದ. ಅವಳು ಒಪ್ಪಿದಳು. 2010ರಲ್ಲಿ ಗಿನ್ನೆಸ್ ದಾಖಲೆಯೂ ಆಯಿತು.

ಅವನು ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ನಮ್ಮ ಕಡೆ ಓಡುವವರು, ಸೈಕಲ್ ಹೊಡೆಯುವವರು ಹಾಕೋದರಲ್ಲೂ ನನಗೆ ಜಾಸ್ತಿ ಕಾಣಿಸೋದು ಹಾರ್ಟು, ನಾಯಿ, ಇಂಗ್ಲಿಷ್ ಹೆಸರು. ಚೆನ್ನಾಗಿಯೇ ಇರುತ್ತೆ. ಆದರೆ ನಮ್ಮ ಅಕ್ಷರ ಯಾಕೆ ಇಲ್ಲ? ಇದನ್ನ ಹೇಳೋಕೇ ಈ ಪೋಸ್ಟ್.

ಕಷ್ಟ ಇದೆ, ಒಪ್ತೀನಿ. ನಮ್ಮ ಬಡಾವಣೆಗಳು ಚೌಕ ಚೌಕ. ಇಂಗ್ಲಿಷಿನ ಎಲ್, ಇ, ಎಚ್ ಅಲ್ಲಿ ಸಲೀಸಾಗಿ ಕೂರುತ್ತವೆ. ಕನ್ನಡ ದುಂಡು ಲಿಪಿ. ಆದರೆ ‘ಗ’ ನೋಡಿ. ಎರಡು ಕಾಲು, ಮೇಲೊಂದು ತೊಲೆ, ತಲೆಕಟ್ಟು. ಬೆಂಗಳೂರಿನವರಿಗೆ ಮಲ್ಲೇಶ್ವರ ಇದೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ಗೆರೆ ಹೊಡೆದ ಹಾಗೆ ಕಟ್ಟಿದ ಬಡಾವಣೆ. ಸಂಪಿಗೆ ರಸ್ತೆ ಒಂದು ಕಾಲು, ಮಾರ್ಗೋಸಾ ರಸ್ತೆ ಇನ್ನೊಂದು ಕಾಲು, ಮೇಲೆ ಯಾವುದಾದರೂ ಒಂದು ಕ್ರಾಸ್. ‘ಗ’ ಸಿದ್ಧವಾಗಿ ನಿಂತಿದೆ! ದುಂಡು ಅಕ್ಷರಕ್ಕೆ ಕೆರೆ ಏರಿ ಬೇಕು, ಪಾರ್ಕ್ ಬೇಕು, ಹಳೇ ಊರಿನ ಸೊಟ್ಟ ಗಲ್ಲಿ ಬೇಕು. ಅವು ನಮ್ಮಲ್ಲಿ ಎಷ್ಟಿಲ್ಲ?

ನಾನು ಮೊದಲು ಒಂದು ಸ್ಕೂಲ್ ಮೈದಾನದಲ್ಲಿ ಪ್ರಯತ್ನ ಮಾಡಿದ್ದೆ. ಗೋಜಲಾದ ದಾರದ ಉಂಡೆ ಥರ ಬಂತು. ಫೋನಿನ ಜಿಪಿಎಸ್ ಬಯಲಲ್ಲೇ ನಾಲ್ಕೈದು ಮೀಟರ್ ಆಚೀಚೆ ಆಗುತ್ತೆ. ಎತ್ತರದ ಕಟ್ಟಡದ ಪಕ್ಕ, ದಟ್ಟ ಮರದ ಕೆಳಗೆ ಇನ್ನೂ ಜಾಸ್ತಿ. ಅಕ್ಷರ ಕಿಲೋಮೀಟರ್ ಲೆಕ್ಕದಲ್ಲಿದ್ದರೆ ಆ ನಡುಕ ಕಾಣೋದಿಲ್ಲ.

ಆಮೇಲೆ ಕೂತು ಮ್ಯಾಪ್ ನೋಡಿ ‘ಕ’ ಹುಡುಕಿದೆ. ಕ್ಯಾಲೆಂಡರಿನ ಹಳೇ ಹಾಳೆಯ ಹಿಂಬದಿ ದಾರಿ ಬರೆದು ಅಮ್ಮನಿಗೆ ತೋರಿಸಿದೆ. ನನ್ನ ಲೆಕ್ಕದಲ್ಲಿ ಕೆರೆಯಿಂದ ಶುರು. ಅಮ್ಮ ಬೆರಳಲ್ಲಿ ಗೆರೆ ಮೇಲೆ ಹೋದರು. ಅಡ್ಡಗೆರೆ ಹತ್ತಿರ ಬಂದು ನಿಲ್ಲಿಸಿದರು. ‘ಇಲ್ಲಿ ಎರಡೂ ಕಡೆ ಹೋಗಿ ಹೋಗಿ ವಾಪಸ್ ಬರ್ತೀಯಲ್ಲೋ. ಗೆರೆ ಮೇಲೆ ಗೆರೆ ಬಿದ್ರೆ ದಪ್ಪ ಆಗುತ್ತೆ. ಈ ತುದಿಯಿಂದ್ಲೇ ಶುರು ಮಾಡು, ಒಂದು ಕಡೆಯಾದ್ರೂ ಒಂದೇ ಎಳೆ ಇರ್ಲಿ.’ ದಿನಾ ಬೆಳಿಗ್ಗೆ ಎಳೆ ರಂಗೋಲಿ ಹಾಕುವ ಕೈ ಅದು. ಹೋದ ಗೆರೆ ಮೇಲೆ ಮತ್ತೆ ಹೋಗಬಾರದು ಅಂದರೆ, ಕೂಡುವ ಜಾಗದಲ್ಲಿ ಮೂರು ದಾರಿ ಇದ್ದರೆ ತೊಡಕು, ನಾಲ್ಕಿದ್ದರೆ ಸಲೀಸು. ಒಂದು ಊರಿನ ಸೇತುವೆಗಳನ್ನೆಲ್ಲ ಒಂದೊಂದೇ ಸಲ ದಾಟೋಕಾಗುತ್ತಾ ಅಂತ ಲೆಕ್ಕ ಹಾಕಿ ಗಣಿತಜ್ಞ ಆಯ್ಲರ್ 1736ರಲ್ಲಿ ಹೇಳಿದ್ದೂ ಇದನ್ನೇ. ಅಮ್ಮ ಹೇಳಿದ ಹಾಗೇ ಕಾಳಿದಾಸ ರಸ್ತೆಯ ತುದಿಯಿಂದ ಶುರು ಮಾಡಿದೆ.

ಮೊದಲ ಭಾನುವಾರ ತಲೆಕಟ್ಟು ಕೆಟ್ಟಿತು. ಆ ಬೀದಿಯನ್ನ ಪೈಪ್ ಹಾಕೋಕೆ ಅಗೆದಿದ್ದರು, ಪಕ್ಕದ ಬೀದಿಗೆ ಬಳಸಿ ಹೋಗಬೇಕಾಯಿತು. ಬೇಜಾರಾಯಿತು. ಆ್ಯಪನ್ನ ಸ್ವಲ್ಪ ಹೊತ್ತು ನಿಲ್ಲಿಸಿ, ಆಚೆ ಕಡೆ ಹೋಗಿ ಮತ್ತೆ ಶುರು ಮಾಡಿದರೆ ನಡುವೆ ನೇರ ಗೆರೆ ತಾನೇ ಬೀಳುತ್ತೆ. ತುಂಬ ಜನ ಹಾಗೆ ಮಾಡ್ತಾರೆ. ನನಗೆ ಅದು ಸರಿ ಅನ್ನಿಸೋದಿಲ್ಲ. ಕಾಲು ತುಳಿಯದ ಜಾಗದಲ್ಲಿ ಗೆರೆ ಇರಬಾರದು. ಎರಡು ವಾರ ಕಾದೆ, ಬೀದಿ ಮುಚ್ಚಿದ ಮೇಲೆ ಮತ್ತೆ ಮೊದಲಿಂದ ಓಡಿದೆ.

ಆವತ್ತು ಕಾಳಿದಾಸ ರಸ್ತೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿ ನಾನು ವಾಪಸ್ ಬಂದದ್ದು ನೋಡಿ, ‘ಏನಪ್ಪಾ, ಏನಾದ್ರೂ ಬೀಳಿಸ್ಕೊಂಡ್ಯಾ?’ ಅಂತ ಕೇಳಿದರು. ಎಲ್ಲಾ ಮುಗಿದ ಮೇಲೆ ಹೋಗಿ ಫೋನ್ ತೋರಿಸಿದೆ. ಕೈಯಲ್ಲಿದ್ದ ಕಾಕಡಾ ಬುಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಫೋನ್ ಇಸ್ಕೊಂಡರು. ‘ನಾನ್ ಕೂತಿರೋದು ಎಲ್ಲಿ ಇದರಲ್ಲಿ?’ ಅಡ್ಡಗೆರೆಯ ಬಲಗಡೆ ಬೆರಳಿಟ್ಟು ತೋರಿಸಿದೆ. ಅಲ್ಲೇ ತಮ್ಮ ಬೆರಳನ್ನೂ ಇಟ್ಟರು. ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಮಾಡುವವರಿಗೆ ಎರಡು ಮಾತು. ಓಡುತ್ತಾ ಫೋನ್ ನೋಡಬೇಡಿ, ತಿರುವುಗಳನ್ನ ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿ. ಮನೆ ಬಾಗಿಲಿಂದ ಶುರು ಮಾಡುವವರು ಸೆಟ್ಟಿಂಗ್ಸ್‌ನಲ್ಲಿ ಆ ಭಾಗವನ್ನ ಮರೆ ಮಾಡಿ. ಸೈನಿಕರ ಓಟದ ಗೆರೆಗಳಿಂದ ಸೇನಾ ನೆಲೆಗಳೇ ಬಯಲಾದದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ನವೆಂಬರ್ 1ರೊಳಗೆ ‘ಕನ್ನಡ’ ಪೂರ್ತಿ ಬರೆಯಬೇಕು. ‘ಡ’ಗೆ ಜಾಗ ಸಿಕ್ಕಿದೆ. ‘ನ್ನ’ ಮಾತ್ರ ಇನ್ನೂ ಸಿಕ್ಕಿಲ್ಲ, ಕೆಳಗೆ ಒತ್ತಿಗೂ ಜಾಗ ಬೇಕಲ್ವಾ. ಕುವೆಂಪುನಗರ, ವಿಜಯನಗರ ಕಡೆಯವರು ನಿಮ್ಮ ಬೀದಿ ಎಲ್ಲಾದರೂ ಹಾಗೆ ಬಳುಕಿದ್ದರೆ ಕಾಮೆಂಟಲ್ಲಿ ಹೇಳಿ. ಭಾನುವಾರ ಆರು ಗಂಟೆಗೆ ಬಂದು ಒಂದು ಸಲ ನಡೆದು ನೋಡ್ತೀನಿ.