ಅಂಕಿ ಉದುರಿದ ಮೇಲೆ ಉಳಿಯುವ ಕಥೆ

"ಮಾಮಾ, ಆ ಸರಣಿ ಮುಗೀತು. ಅದೇ ಥರದ್ದು ಇನ್ನೊಂದು ಹೇಳು."

ಅಕ್ಕನ ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಗೇಮ್‌ಗಳ ಜಾಡಿನ ಫ್ಯಾಂಟಸಿ ಸರಣಿಗಳನ್ನು ವರ್ಷಗಳಿಂದ ಓದುತ್ತಿದ್ದೇನೆ. ಆದರೂ 'ಅದೇ ಥರದ್ದು' ಅಂದರೆ ಯಾವುದು?

ಹೊರನಾಡಿಗೆ ಬಂದ ಮೇಲೆ ನನ್ನ ಸುತ್ತಲಿನ ಓದುಗರು ಮಾಡುವಂತೆಯೇ ನಾನೂ ಬಹುಕಾಲ ಮಾಡಿದೆ. ಸ್ಟಾರ್ ರೇಟಿಂಗ್ ನೋಡುವುದು, ಇದನ್ನು ಓದಿದವರು ಮುಂದೆ ಏನು ಓದಿದರು ಎಂಬ ಪಟ್ಟಿಯ ಬೆನ್ನು ಹತ್ತುವುದು. ಹಾಗೆ ಸಿಕ್ಕ ಪುಸ್ತಕಗಳಲ್ಲಿ ಡಂಜನ್, ಅಂದರೆ ಅಪಾಯಗಳು ಹೊಂಚಿ ಕೂತ ನೆಲದಡಿಯ ಕೋಣೆಗಳ ಜಾಲ, ಇರುತ್ತಿತ್ತು, ನಾಯಕ ಒಂದೊಂದಾಗಿ ಏರುವ ಲೆವೆಲ್ ಇರುತ್ತಿತ್ತು, ನಾಯಕನ ಶಕ್ತಿ ಎಷ್ಟು, ಚುರುಕು ಎಷ್ಟು ಎಂಬ ಅಂಕಿಗಳೂ ಇರುತ್ತಿದ್ದವು. ಮೂರನೇ ಸಂಪುಟದ ಹೊತ್ತಿಗೆ ಎಲ್ಲ ಹೆಸರುಗಳೂ ಕಲಸಿಹೋಗುತ್ತಿದ್ದವು.

ಬೇರೆ ದಾರಿ ಕಂಡದ್ದು ಈ ಹುಡುಗಿಗೆ ಕನ್ನಡದಲ್ಲಿ ಕಥೆ ಹೇಳಲು ಕೂತಾಗ. ಬಾಯಲ್ಲಿ ಹೇಳುವಾಗ ಅಂಕಿಗಳು ತಾವಾಗಿಯೇ ಉದುರಿಹೋಗುತ್ತವೆ. "ಅವನಿಗೆ ಹನ್ನೆರಡು ಪಾಯಿಂಟ್ ಬಂತು" ಅಂತ ಯಾರಿಗೆ ಹೇಳುವುದು? ಒಂದು ಸರಣಿಯ ಐನೂರು ಪುಟ ಎರಡೇ ಮಾತಿನಲ್ಲಿ ಮುಗಿದುಹೋಯಿತು. ಇನ್ನೊಂದು ಸರಣಿಯ ಒಂದೇ ಒಂದು ಜಗಳಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ನಾನು ಅವಳಿಗೆ ಸೂಚಿಸಬೇಕಾದದ್ದು ಯಾವುದೆಂದು ಆಗಲೇ ತಿಳಿಯಿತು.

ಅಂದಿನಿಂದ ಯಾವ ಸರಣಿ ಕೈಗೆತ್ತಿಕೊಂಡರೂ ಅದು ಎಂಥ ಆಟದಿಂದ ಹುಟ್ಟಿತು ಎಂದು ಮೊದಲು ನೋಡುತ್ತೇನೆ. ಮೇಜಿನ ಸುತ್ತ ಗೆಳೆಯರು ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡಿದ ಆಟದಿಂದ ಬಂದ ಕಥೆಗಳ ಕಡೆಗೇ ನನ್ನ ಒಲವು. 1974ರಲ್ಲಿ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಅಂಥ ಆಟ ಬಂದ ಹತ್ತು ವರ್ಷಕ್ಕೆ ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ 'ಡ್ರ್ಯಾಗನ್‌ಲಾನ್ಸ್' ಸರಣಿಯ ಮೊದಲ ಕಾದಂಬರಿ ಹೊರತಂದರು. ಅದರಲ್ಲಿ ರೈಸ್ಟ್‌ಲಿನ್ ಎಂಬ ಮಾಂತ್ರಿಕ ಸದಾ ಪಿಸುದನಿಯಲ್ಲಿ ಮಾತಾಡುತ್ತಾನೆ. ಆ ಪಿಸುದನಿ, ಆಟದಲ್ಲಿ ಆ ಪಾತ್ರ ವಹಿಸಿದ ಗೆಳೆಯನ ಬಾಯಿಂದ ಬಂದದ್ದು. ಪುಸ್ತಕ ಮುಚ್ಚಿದ ಮೇಲೂ ಆ ದನಿ ಕಿವಿಯಲ್ಲಿ ಉಳಿಯುತ್ತದೆ. ಜಪಾನಿನ 'ರೆಕಾರ್ಡ್ ಆಫ್ ಲೋಡೋಸ್ ವಾರ್' ಕೂಡ ಹೀಗೆಯೇ ಹುಟ್ಟಿದ್ದು: ಆಡಿದ ಆಟದ ವರದಿಯಾಗಿ 1986ರಲ್ಲಿ ಪತ್ರಿಕೆಯಲ್ಲಿ ಬಂದು, ಆಮೇಲೆ ಕಾದಂಬರಿಯಾಯಿತು.

ದಾಳ ಉರುಳಿದಂತೆ ಕಥೆ ಹೊರಳುವುದು ಕುಮಾರವ್ಯಾಸನನ್ನು ಓದಿದವರಿಗೆ ಹೊಸತಲ್ಲ. ಅಲ್ಲಿ ದಾಳ ಎಷ್ಟು ತೋರಿಸಿತು ಎನ್ನುವುದು ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಯಾರನ್ನು ಪಣಕ್ಕಿಟ್ಟರು ಎನ್ನುವುದು ನಿಲ್ಲುತ್ತದೆ.

ಸ್ಟೀವನ್ ಎರಿಕ್ಸನ್ ಅವರ 'ಮಲಾಜನ್' ಲೋಕವನ್ನೂ ಅವರು ಮತ್ತು ಅವರ ಗೆಳೆಯ, ಇಬ್ಬರೂ ಪುರಾತತ್ವಜ್ಞರು, ಮೊದಲು ಆಟವಾಗಿಯೇ ಕಟ್ಟಿದ್ದು. 1999ರಿಂದ 2011ರವರೆಗೆ ಹತ್ತು ಸಂಪುಟ. ಮೊದಲನೆಯದು ಕಠಿಣ, ಯಾರು ಯಾರೆಂದು ತಿಳಿಯುವುದರೊಳಗೆ ಸುಸ್ತಾಗುತ್ತದೆ. ಅದಕ್ಕೇ ಹೊಸ ಓದುಗರಿಗೆ ನಾನು ಅದನ್ನು ಮೊದಲು ಕೊಡುವುದಿಲ್ಲ.

ಲೆವೆಲ್, ಅಂಕಿಗಳನ್ನು ಕಥೆಯೊಳಗೇ ತೋರಿಸುವ ಲಿಟ್‌ಆರ್‌ಪಿಜಿಯನ್ನು ನಾನು ತಳ್ಳಿಹಾಕುತ್ತಿಲ್ಲ. ರಷ್ಯಾದ ಪ್ರಕಾಶನ ಲೋಕದಲ್ಲಿ 2013ರ ಸುಮಾರಿಗೆ ಹುಟ್ಟಿದ ಹೆಸರದು. ಈ ಬಗೆಯಲ್ಲಿ ನನಗೆ ತುಂಬ ಹಿಡಿಸಿದ್ದು ಮ್ಯಾಟ್ ಡಿನಿಮನ್ ಅವರ 'ಡಂಜನ್ ಕ್ರಾಲರ್ ಕಾರ್ಲ್'. ಭೂಮಿಯ ಕಟ್ಟಡಗಳೆಲ್ಲ ಕುಸಿದು, ಬದುಕುಳಿದವರು ಹದಿನೆಂಟು ಅಂತಸ್ತಿನ ಡಂಜನ್‌ಗೆ ಇಳಿಯುತ್ತಾರೆ. ಅವರ ಸಂಕಟವೇ ಬೇರೆ ಲೋಕದವರಿಗೆ ಟೀವಿ ಕಾರ್ಯಕ್ರಮ. ಕಾರ್ಲ್‌ನ ಜೊತೆಗಿರುವುದು ಡೋನಟ್ ಎಂಬ ಮಾತಾಡುವ ಬೆಕ್ಕು. ಇಲ್ಲಿಯೂ ಅಂಕಿಗಳಿವೆ, ಆದರೆ ಅವನ್ನು ಘೋಷಿಸುವ ವ್ಯವಸ್ಥೆಗೇ ಒಂದು ಸ್ವಭಾವವಿದೆ, ಹಟವಿದೆ. ಹಾಗಾಗಿ ಅಂಕಿಗಳನ್ನು ಹಾರಿಸಿ ಓದಲು ಮನಸ್ಸಾಗುವುದಿಲ್ಲ.

ಮೆಟ್ಟಿಲು ಮೆಟ್ಟಿಲಾಗಿ ಬಲಗೊಳ್ಳುವ ಸುಖ ಬೇಕು, ಅಂಕಿಪಟ್ಟಿ ಬೇಡ ಅನ್ನುವವರಿಗೆ ವಿಲ್ ವೈಟ್ ಅವರ 'ಕ್ರೇಡಲ್' ಇದೆ. 2016ರಲ್ಲಿ ಶುರುವಾಗಿ 2023ರಲ್ಲಿ ಹನ್ನೆರಡನೇ ಸಂಪುಟಕ್ಕೆ ಮುಗಿದ ಸರಣಿ. ಮುಗಿದಿದೆ ಎನ್ನುವುದು ನನಗಂತೂ ದೊಡ್ಡ ಮಾತು. ತನ್ನವರೇ ಕೈಲಾಗದವನೆಂದು ಬದಿಗಿಟ್ಟ ಲಿಂಡನ್ ಎಂಬ ಹುಡುಗ ಮೊದಲ ಪುಟಗಳಲ್ಲಿ ಪಡುವ ಅವಮಾನ, ಮುಂದೆ ಅವನು ಏರುವ ಪ್ರತಿ ಮೆಟ್ಟಿಲಿಗೂ ತೂಕ ಕೊಡುತ್ತದೆ.

ಅವಳಿಗೆ ಕೊನೆಗೆ ಎರಡು ಹೆಸರು ಹೇಳಿದೆ, ಕಾರ್ಲ್ ಮತ್ತು ಕ್ರೇಡಲ್. ಜೊತೆಗೆ ಒಂದು ಕರಾರು: ಓದಿದ್ದನ್ನು ನನಗೆ ಕನ್ನಡದಲ್ಲಿ ಹೇಳಬೇಕು. ಕಾರ್ಲ್‌ನಿಂದ ಶುರುಮಾಡಿದ್ದಾಳೆ. ಮೊನ್ನೆ ಫೋನ್ ಮಾಡಿದವಳ ಮೊದಲ ಪ್ರಶ್ನೆ, "ಮಾಮಾ, ಆ ಬೆಕ್ಕು ಕನ್ನಡದಲ್ಲಿ ಮಾತಾಡಿದ್ರೆ ಕಾರ್ಲ್‌ನ ನೀನು ಅನ್ನತ್ತಾ, ನೀವು ಅನ್ನತ್ತಾ?"

ನಾನು ನೀನು ಅಂದೆ. ಅವಳು ಒಪ್ಪಲಿಲ್ಲ.