ಕೊಸರಿಲ್ಲದ ವ್ಯಾಪಾರ

ಟೊಮೆಟೊ ವಿಷಯಕ್ಕೆ ನನ್ನ ಕಿವಿ ಇನ್ನೂ ಬಿಸಿಯಾಗಿದೆ.

ಅತ್ತೆ ಮೈಸೂರಿನಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತ ತರಕಾರಿ ಅವರಿಗೆ ಹಿಡಿಸಲಿಲ್ಲ. ಕರ್ಕ್‌ಗೇಟ್ ಮಾರ್ಕೆಟ್ ತೋರಿಸಿ ಎಂದು ಹೆಂಡತಿಯ ಅಪ್ಪಣೆಯಾಯಿತು. ಇವಳು ಮಾತ್ರ ಬರಲಿಲ್ಲ. ಯಾಕೆ ಅಂತ ಈಗ ಗೊತ್ತಾಯಿತು.

1904ರ ಹಾಲ್ ಚೆನ್ನಾಗಿದೆ ಬಿಡಿ. ಮೇಲೆ ಗಾಜಿನ ಚಾವಣಿ, ಬಾಲ್ಕನಿಯನ್ನು ಹೊತ್ತು ನಿಂತ ಎರಕದ ಡ್ರ್ಯಾಗನ್‌ಗಳು. ಅತ್ತೆ ಕತ್ತೆತ್ತಲಿಲ್ಲ. ಅವರಿಗೆ ಬರುವ ಇಂಗ್ಲಿಷ್ ಒಂದೇ, 'ಹೌ ಮಚ್'. ಪರದೆ ಬಟ್ಟೆ, ಗುಂಡಿ, ಗಡಿಯಾರದ ಬೆಲ್ಟು, ಎಲ್ಲಕ್ಕೂ ಹೌ ಮಚ್. ಮೊಟ್ಟೆಯನ್ನೂ ಮುಟ್ಟದ ಅತ್ತೆ ಹಂದಿ ಕಾಲಿನ ಬೆಲೆಯನ್ನೂ ವಿಚಾರಿಸಿದರು. ಯಾಕೆ ಅಂದರೆ, "ಸುಮ್ನೆ. ತಿಳ್ಕೊಂಡಿರ್ಲಿ."

ಇದೇ ಮಾರುಕಟ್ಟೆಯಲ್ಲಿ 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸಿಗ ಅಂಗಡಿ ಇಟ್ಟ. ಇಂಗ್ಲಿಷ್ ಅವನಿಗೂ ಅಷ್ಟಕ್ಕಷ್ಟೇ. 'ಬೆಲೆ ಕೇಳಬೇಡಿ, ಒಂದು ಪೆನ್ನಿ' ಎಂದು ಬೋರ್ಡು ಹಾಕಿದ. ಅದೇ ಮುಂದೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂಬ ದೊಡ್ಡ ಅಂಗಡಿಗಳ ಸರಣಿ ಆಯಿತು. ಇದನ್ನು ಅತ್ತೆಗೆ ಹೇಳಿದೆ, ಸುಳಿವು ಸಿಗಲಿ ಅಂತ. "ಕೇಳದೇ ತಗೊಂಡ್ರೆ ಅದೆಂಥ ವ್ಯಾಪಾರ?" ಎಂದರು.

ತರಕಾರಿಯನ್ನು ಇಲ್ಲಿ ಬಟ್ಟಲಿನ ಲೆಕ್ಕದಲ್ಲಿ ಮಾರುತ್ತಾರೆ. ಬಟ್ಟಲಿನಲ್ಲಿ ಇದ್ದದ್ದು ಇದ್ದ ಹಾಗೆ ಚೀಲಕ್ಕೆ. ಆರಿಸುವ ಹಾಗಿಲ್ಲ. ಅತ್ತೆ ಮೆತ್ತಗಿನ ಟೊಮೆಟೊ ತೆಗೆದು ಪಕ್ಕದ ಬಟ್ಟಲಿಗಿಟ್ಟರು, ಅಲ್ಲಿಂದ ಗಟ್ಟಿಯದನ್ನು ತಂದರು. ಅಂಗಡಿಯವನು ನಗುತ್ತಲೇ ಎರಡನ್ನೂ ಸ್ವಸ್ಥಾನಕ್ಕೆ ಸೇರಿಸಿದ. ಅತ್ತೆ ಮತ್ತೆ ಬದಲಿಸಿದರು. ಅವನು ಮತ್ತೆ. ಚದುರಂಗ ಆಡುವವರ ಹಾಗೆ ಇಬ್ಬರೂ ಮಣೆಯಿಂದ ಕಣ್ಣು ತೆಗೆಯಲಿಲ್ಲ. ಅವನು ಯಾರ್ಕ್‌ಷೈರ್ ಇಂಗ್ಲಿಷಿನಲ್ಲಿ, ಇವರು ಮೈಸೂರು ಕನ್ನಡದಲ್ಲಿ. ಹಿಂದೆ ಕ್ಯೂ ಬೆಳೆಯಿತು. ಯಾರೂ ಬೈಯಲಿಲ್ಲ, ಕೆಮ್ಮಿದರು. ಇಲ್ಲಿನ ಕೆಮ್ಮಿಗಿಂತ ನಮ್ಮೂರ ಬೈಗುಳವೇ ವಾಸಿ. ಅಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿ, "ಒಂದು ಕಟ್ಟು ಕೊತ್ತಂಬರಿ ಕೊಸರು ಹಾಕು ಅಂತ ಹೇಳಿ" ಎಂದರು. ಒಂದು ಪೌಂಡಿನ ಟೊಮೆಟೊಗೆ!

ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ತರಕಾರಿಯವರ ಜೊತೆ ಮಾತಾಡುವುದೇ ನನಗೆ ಮರೆತುಹೋಗಿದೆ. ದೇವರಾಜ ಮಾರ್ಕೆಟ್ಟಿನಲ್ಲಿ ಅಮ್ಮನ ಸೆರಗು ಹಿಡಿದು ನಿಂತಾಗ ಬೀನ್ಸ್‌ನವನು ನನ್ನ ಮಾರ್ಕ್ಸ್ ಕೇಳುತ್ತಿದ್ದ. ಈಗ ನನ್ನನ್ನು ಮಾತಾಡಿಸುವುದು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಮೆಷಿನ್, ಅದೂ ಗದರುವುದಕ್ಕೆ.

ಕೊನೆಗೆ ಅಂಗಡಿಯವನು ಸಾಕಾಗಿ ಎರಡು ನಿಂಬೆಹಣ್ಣು ಚೀಲಕ್ಕೆ ಹಾಕಿದ. ಅತ್ತೆ ಡ್ರ್ಯಾಗನ್ ಕಡೆ ಆಗ ನೋಡಿದರು, "ಪರ್ವಾಗಿಲ್ಲ, ಚೆನ್ನಾಗಿದೆ" ಎಂದರು.

ಶನಿವಾರ ಮತ್ತೆ ಹೋಗಬೇಕಂತೆ. ಹಂದಿ ಕಾಲಿನ ಬೆಲೆ ಇಳಿದಿದೆಯಾ ನೋಡಬೇಕಂತೆ.