ದೊಡ್ಡಯ್ಯನ ಚಿಕ್ಕಮ್ಮ

ನನ್ನ ಎತ್ತರ 4 ಅಡಿ 10 ಇಂಚು. ಮದುವೆಗೆ ಅಂತ ಬರೆಸಿದ ಬಯೋಡೇಟಾದಲ್ಲಿ ಅಪ್ಪ ಅದನ್ನು 5 ಅಡಿ ಮಾಡಿದ್ದರು. ಆ 2 ಇಂಚಿನ ಸುಳ್ಳನ್ನು ಗಂಡನ ಮನೆಯವರು ನುಂಗಿಕೊಂಡರು, ಟೈಲರ್ ನುಂಗಿಕೊಂಡರು, ಬಿಎಂಟಿಸಿ ಬಸ್ಸಿನ ಮೇಲಿನ ಕಂಬಿ ಮಾತ್ರ ಯಾವತ್ತೂ ಒಪ್ಪಲಿಲ್ಲ. ಈಗ ಕುದುರೆಯೂ ಒಪ್ಪುತ್ತಿಲ್ಲ.

ಹೌದು, ನನ್ನದೊಂದು ಕುದುರೆ ಇದೆ. ಭಾರೀ ಶ್ರೀಮಂತೆ ಅಂದುಕೊಳ್ಳಬೇಡಿ. ಬೆಂಗಳೂರಲ್ಲಿ ರೇಸ್ ಓಡಿ ಸಾಕಾದ ಕುದುರೆಗಳು ಆಗಾಗ ಮಾರಾಟಕ್ಕೆ ಬರುತ್ತವೆ, ಕೊಳ್ಳುವುದು ನೀವು ಅಂದುಕೊಂಡಷ್ಟು ದುಬಾರಿಯಲ್ಲ. ಸಾಕುವುದು ದುಬಾರಿ. ಕೊಂಡ ದಿನ ಖುಷಿ, ಹುಲ್ಲಿನ ಬಿಲ್ ಬಂದ ದಿನ ಜ್ಞಾನೋದಯ. ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದಾಗ ಆ ಕಡೆಯಿಂದ ಸುಮಾರು ಹೊತ್ತು ಸದ್ದೇ ಇಲ್ಲ. ಆಮೇಲೆ ಒಂದೇ ಪ್ರಶ್ನೆ: "ನೆಲಕ್ಕೆ ಕಾಲು ಎಟುಕಲ್ಲ ಅಂತ ಸ್ಕೂಟಿ ಮಾರಿದವಳು ನೀನೇ ಅಲ್ವಾ?"

ತಪ್ಪು ನನ್ನದಲ್ಲ, ಮೈಸೂರು ದಸರಾದ್ದು. ಚಿಕ್ಕವಳಿದ್ದಾಗ ಜಂಬೂ ಸವಾರಿ ನೋಡಲು ಹೋದಾಗ ಎಲ್ಲರೂ ಆನೆ ಬರುವುದನ್ನು ಕಾಯುತ್ತಿದ್ದರೆ ನಾನು ಅಪ್ಪನ ಹೆಗಲ ಮೇಲೆ ಕೂತು ಪೊಲೀಸರ ಕುದುರೆಗಳನ್ನೇ ನೋಡುತ್ತಿದ್ದೆ. ಸಂಜೆ ಬನ್ನಿಮಂಟಪದ ಪಂಜಿನ ಕವಾಯತಿಗೂ ಅದಕ್ಕೇ ಹಟ. ಈಗ ಯೋಚಿಸಿದರೆ ಅನಿಸುತ್ತದೆ, ಕುದುರೆಯನ್ನು ನಾನು ಮೇಲಿನಿಂದ ಕೆಳಗೆ ನೋಡಿದ್ದು ಅದೇ ಕೊನೆ.

ಕುದುರೆಯ ಎತ್ತರವನ್ನು "ಹ್ಯಾಂಡ್" ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಅಂದರೆ ಅಂಗೈ ಅಗಲ, 4 ಇಂಚು. ನಮ್ಮ ಹೂವಿನವರ ಮೊಳದ ಹಾಗಲ್ಲ ಇದು, ಅಳೆಯುವವರ ಕೈ ಗಿಡ್ಡವಾದರೆ ಅಳತೆಯೂ ಗಿಡ್ಡವಾಗುವ ಅನುಕೂಲ ಇಲ್ಲಿಲ್ಲ. ಮಾರಲು ಬಂದವರು "16.2 ಮೇಡಂ, ಮೀಡಿಯಂ ಸೈಜು" ಅಂದರು. ನಾನು ತಲೆಯಾಡಿಸಿದೆ. ಅದು ದಶಮಾಂಶ ಅಲ್ಲ, 16 ಹ್ಯಾಂಡ್ ಮೇಲೆ 2 ಇಂಚು, ಅಂದರೆ 66 ಇಂಚು, ಅಂದರೆ ಐದೂವರೆ ಅಡಿ, ಅಂತ ಮನೆಗೆ ಬಂದು ಕ್ಯಾಲ್ಕುಲೇಟರ್ ಒತ್ತಿದ ಮೇಲೆ ಗೊತ್ತಾಯಿತು. ಆಗ ಅಡ್ವಾನ್ಸ್ ಕೊಟ್ಟಾಗಿತ್ತು. ಹೋಗಲಿ, ಐದೂವರೆ ಅಡಿ ತಾನೇ, ನನ್ನ ಗಂಡನಷ್ಟೇ ಎತ್ತರ, ನಿಭಾಯಿಸಿದರಾಯಿತು ಅಂದುಕೊಂಡೆ. ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಕುದುರೆಯನ್ನು ಅಳೆಯುವುದು ಕತ್ತು ಬೆನ್ನಿಗೆ ಸೇರುವ ಉಬ್ಬಿನವರೆಗೆ ಮಾತ್ರ. ಕತ್ತು, ತಲೆ, ಕಿವಿ, ಕೊಬ್ಬು ಇದ್ಯಾವುದೂ ಲೆಕ್ಕಕ್ಕಿಲ್ಲ.

ಕುದುರೆ ಹುಟ್ಟಿದ್ದು ಕುಣಿಗಲ್‌ನಲ್ಲಿ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅದು. ರೇಸಿನಲ್ಲಿ ಅವನಿಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಹೆಸರಘಟ್ಟದ ಕಡೆ ನಾವು ಅವನನ್ನು ಬಿಟ್ಟಿರುವ ಲಾಯದಲ್ಲಿ ಅದನ್ನು ಯಾರೂ ಪೂರ್ತಿ ಹೇಳಲಿಲ್ಲ. ಅಲ್ಲಿ ಕುದುರೆಗಳ ಆರೈಕೆ ಮಾಡುವ ಸೈಸ್ ಭಾಯ್ ಅವನನ್ನು ನೋಡಿದ ಕೂಡಲೇ "ದೊಡ್ಡಯ್ಯ" ಅಂದರು. ಪಕ್ಕದಲ್ಲಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಅದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ವಾರದೊಳಗೆ ಲಾಯಕ್ಕೆಲ್ಲ ನಾನು "ದೊಡ್ಡಯ್ಯನ ಚಿಕ್ಕಮ್ಮ" ಆಗಿದ್ದೆ.

ಕುಳ್ಳಗಿದ್ದರೆ ಕುದುರೆಗೆ ಒಳ್ಳೇದಲ್ವಾ, ಜಾಕಿಗಳೆಲ್ಲ ಕುಳ್ಳರೇ ತಾನೇ ಅಂತ ಇದುವರೆಗೆ ಎಷ್ಟು ಜನ ಹೇಳಿದ್ದಾರೋ. ಸ್ವಾಮಿ, ಜಾಕಿ ಕುದುರೆ ಹತ್ತುವುದನ್ನು ನೋಡಿದ್ದೀರಾ? ಅವರು ಹತ್ತುವುದಿಲ್ಲ, ಅವರನ್ನು ಹತ್ತಿಸುತ್ತಾರೆ. ಎಡಗಾಲು ಮಡಚಿ ನಿಂತರೆ ಇನ್ನೊಬ್ಬರು ಮೊಣಕಾಲಿನ ಕೆಳಗೆ ಹಿಡಿದು ಮೇಲಕ್ಕೆ ಎಸೆಯುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ದೊಡ್ಡಯ್ಯ ಕಲಿತಿದ್ದೂ ಅದನ್ನೇ. ಸವಾರ ಅನ್ನುವ ವಸ್ತು ಆಕಾಶದಿಂದ ಬಂದು ಬೆನ್ನ ಮೇಲೆ ಬೀಳುತ್ತದೆ, ಅಷ್ಟು ಹೊತ್ತು ನಾವು ಸುಮ್ನೆ ನಡೆಯುತ್ತಾ ಇದ್ದರೆ ಸಾಕು ಅಂತ. ಒಂದು ಹೆಂಗಸು ಕಲ್ಲಿನ ಮೇಲೆ ನಿಂತು "ನಿಲ್ಲೋ, ನಿಲ್ಲೋ ನನ್ನಪ್ಪಾ" ಅಂತ ಬೇಡಿಕೊಳ್ಳುವುದು ಅವನ ಪಾಠದಲ್ಲಿ ಇರಲಿಲ್ಲ. ಜೊತೆಗೆ ಕುಣಿಗಲ್‌ನವನು ಬೇರೆ, ಕುಣಿಯದೆ ಇರ್ತಾನಾ?

ಮೊದಲ ದಿನ ನೆಲದಿಂದಲೇ ಹತ್ತಲು ನೋಡಿದೆ. ರಿಕಾಪು, ಅಂದರೆ ಜೀನಿನಿಂದ ನೇತಾಡುವ ಕಾಲಿಡುವ ಬಳೆ, ನನ್ನ ಎದೆಯ ಮಟ್ಟಕ್ಕಿತ್ತು. ಕಾಲನ್ನು ಕೈಯಲ್ಲಿ ಹಿಡಿದೆತ್ತಿ ಅದರೊಳಗೆ ಇಟ್ಟೆ, ಯೋಗ ಕ್ಲಾಸಿನ ದುಡ್ಡು ಅವತ್ತು ವಸೂಲಾಯಿತು. ಇನ್ನೊಂದು ಕಾಲಲ್ಲಿ ಕುಪ್ಪಳಿಸುತ್ತಾ ಜೀನನ್ನು ಹಿಡಿದು ಎಳೆದುಕೊಂಡೆ. ಇಲ್ಲೊಂದು ಗುಟ್ಟು ನನಗೆ ಗೊತ್ತಿರಲಿಲ್ಲ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಮೈ ಬಿಗಿಹಿಡಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ನಾವು ಪ್ಯಾಂಟ್ ಟ್ರಯಲ್ ನೋಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತೇವಲ್ಲ, ಅದರ ಉಲ್ಟಾ. ಎರಡು ನಿಮಿಷ ಬಿಟ್ಟು ಸಡಿಲವಾದಾಗ ಪಟ್ಟಿಯೂ ಸಡಿಲ. ನನ್ನ ಭಾರಕ್ಕೆ ಜೀನು ನಿಧಾನವಾಗಿ ಪಕ್ಕಕ್ಕೆ ತಿರುಗಿತು. ನಾನೂ ತಿರುಗಿದೆ. ಕೊನೆಗೆ ದೊಡ್ಡಯ್ಯನ ಹೊಟ್ಟೆಯ ಪಕ್ಕ ಬಾವಲಿಯ ಹಾಗೆ ನೇತಾಡುತ್ತಾ ಭಾಯ್‌ನ ಚಪ್ಪಲಿ ನೋಡುತ್ತಿದ್ದೆ. ದೊಡ್ಡಯ್ಯ ತಲೆ ತಿರುಗಿಸಿ ನನ್ನನ್ನೊಮ್ಮೆ ಮೂಸಿದ. ಅವತ್ತು ಮಾತ್ರ ಅವನು ಒಂದು ಹೆಜ್ಜೆಯೂ ಕದಲಲಿಲ್ಲ, ಆ ಉಪಕಾರ ಮರೆಯುವ ಹಾಗಿಲ್ಲ.

"ಚಿಕ್ಕಮ್ಮ, ನೆಲದಿಂದ ಹತ್ತಬೇಡಿ, ಅವನ ಬೆನ್ನಿಗೂ ಒಳ್ಳೇದಲ್ಲ," ಅಂದರು ಭಾಯ್. ಅದು ನಿಜ, ಒಂದೇ ಕಡೆ ಜೋತುಬಿದ್ದು ಎಳೆದರೆ ಕುದುರೆಯ ಬೆನ್ನು ತಿರುಚುತ್ತದೆ. ಹಾಗಾಗಿ ಲಾಯದಲ್ಲಿ ಹತ್ತಲು ಮೂರು ಮೆಟ್ಟಿಲಿನ ಮರದ ಪೀಠ ಇದೆ. ಉಳಿದವರು ಎರಡನೇ ಮೆಟ್ಟಿಲಲ್ಲಿ ನಿಲ್ಲುತ್ತಾರೆ. ನಾನು ಮೂರನೇ ಮೆಟ್ಟಿಲಲ್ಲಿ, ತುದಿಗಾಲಲ್ಲಿ.

ಹತ್ತಿದ ಮೇಲಾದರೂ ಸುಖವಾ ಅಂದರೆ, ನನ್ನ ಕಾಲು ಅವನ ಹೊಟ್ಟೆಯ ಅರ್ಧಕ್ಕೇ ಮುಗಿದುಹೋಗುತ್ತದೆ. ಹಿಮ್ಮಡಿಯಿಂದ ತಟ್ಟಿದರೆ ಮುಂದೆ ಹೋಗಬೇಕು ಅಂತ ಪುಸ್ತಕದಲ್ಲಿದೆ. ನನ್ನ ಹಿಮ್ಮಡಿ ತಟ್ಟುವುದು ಬರೀ ಜೀನಿನ ಚರ್ಮಕ್ಕೆ, ಕುದುರೆಗೆ ಸುದ್ದಿಯೇ ಮುಟ್ಟುವುದಿಲ್ಲ. ರಿಕಾಪಿನ ಪಟ್ಟಿಯಲ್ಲಿ ಇದ್ದ ತೂತುಗಳೆಲ್ಲ ಮುಗಿದು, ಮಲ್ಲೇಶ್ವರದಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಇನ್ನೂ ನಾಲ್ಕು ಹಾಕಿಸಿಕೊಂಡೆ. ಬೆಲ್ಟ್ ಅಂದುಕೊಂಡಿರಬೇಕು ಅವರು, "ಸಣ್ಣ ಆಗಿದೀರಾ ಮೇಡಂ, ಒಳ್ಳೇದು" ಅಂದರು. ನಾನು ತಿದ್ದಲಿಲ್ಲ. ಬೂಟು ಮಕ್ಕಳ ಸೈಜಿನದು. ಅದರಲ್ಲಿ ಮಾತ್ರ ಲಾಭ.

ಆದರೆ ಕುದುರೆ ಇಟ್ಟುಕೊಂಡವರ ದಿನದಲ್ಲಿ ಸವಾರಿ ಅನ್ನುವುದು ಒಂದು ಗಂಟೆ. ಉಳಿದಿದ್ದೆಲ್ಲ ನೆಲದ ಮೇಲಿನ ಚಾಕರಿ, ನನ್ನ ಮಾನ ಹೋಗುವುದೂ ಅಲ್ಲೇ ಜಾಸ್ತಿ. ಮೈ ಉಜ್ಜಲು ಬಕೆಟ್ ಬೋರಲು ಹಾಕಿ ಹತ್ತಿ ನಿಲ್ಲಬೇಕು, ಎರಡು ಕೈ ಅಳತೆ ಉಜ್ಜಬೇಕು, ಇಳಿಯಬೇಕು, ಬಕೆಟ್ ಜರುಗಿಸಬೇಕು, ಮತ್ತೆ ಹತ್ತಬೇಕು, ಗೋಡೆಗೆ ಸುಣ್ಣ ಬಳಿಯುವವರ ಹಾಗೆ. ಕಡಿವಾಣ ಹಾಕಲು ಹೋದರೆ ತಲೆ ಎತ್ತಿ ಜಿರಾಫೆಯಾಗುತ್ತಾನೆ. ಕುದುರೆಗೆ ಹೆಚ್ಚುಕಡಿಮೆ ಸುತ್ತಲೂ ಕಾಣಿಸುತ್ತದಂತೆ, ಕಾಣದೇ ಇರುವುದು ಬೆನ್ನ ಹಿಂದೆ ಒಂದಿಷ್ಟು, ಮೂತಿಯ ಕೆಳಗೆ ಒಂದಿಷ್ಟು. ನಾನು ಖಾಯಂ ಇರುವುದೇ ಮೂತಿಯ ಕೆಳಗೆ! ಅಂದರೆ ಅವನ ಪಾಲಿಗೆ ನಾನು ಬಹುತೇಕ ಇಲ್ಲ. ಎಲ್ಲಿಂದಲೋ ಒಂದು ದನಿ, ಆಮೇಲೆ ಎರಡು ಕೈ, ಅಷ್ಟೇ.

ಜಂತುಹುಳುವಿನ ಔಷಧಿ ಹಾಕಿದ ದಿನದ ಕತೆ ಹೇಳಲೇಬೇಕು. ಅದು ದೊಡ್ಡ ಸಿರಿಂಜಿನಲ್ಲಿ ಪೇಸ್ಟಿನ ಥರ ಬರುತ್ತದೆ, ಬಾಯಿಯ ಮೂಲೆಯಲ್ಲಿ ತೂರಿಸಿ ನಾಲಿಗೆಯ ಬುಡಕ್ಕೆ ಒತ್ತಬೇಕು. ಭಾಯ್ ನಮಾಜಿಗೆ ಹೋಗಿದ್ದರು, ಶುಕ್ರವಾರ. ಅವರು ಬರುವ ತನಕ ಕಾಯಬಹುದಿತ್ತು, ಆದರೆ ಕುಳ್ಳರಿಗೆ ಒಂದು ಹಟ ಇರುತ್ತದೆ ನೋಡಿ. ಎಡಗೈಯಲ್ಲಿ ಅವನ ಮೂಗಿನ ಪಟ್ಟಿ ಹಿಡಿದೆ, ಬಲಗೈಯಲ್ಲಿ ಸಿರಿಂಜು, ಬಕೆಟ್ಟಿನ ಮೇಲೆ ನಾನು. ತುದಿ ಬಾಯಿಗೆ ತಾಗಿದ್ದೇ ತಡ ದೊಡ್ಡಯ್ಯ ತಲೆಯನ್ನು ಮೇಲಕ್ಕೆ ಎತ್ತಿದ. ಪಟ್ಟಿ ಬಿಡಬೇಕು ಅನ್ನುವುದು ನನಗೆ ಹೊಳೆಯಲಿಲ್ಲ. ಕಾಲ ಕೆಳಗಿನ ಬಕೆಟ್ ಉರುಳಿದ ಸದ್ದು ಕೇಳಿಸಿತು, ಕಾಲ ಕೆಳಗೆ ಏನೂ ಇಲ್ಲ ಅನ್ನುವುದು ಆಮೇಲೆ ತಿಳಿಯಿತು. ಒಂದೆರಡು ಕ್ಷಣ ಬಾವಿಯ ರಾಟೆಗೆ ಕಟ್ಟಿದ ಕೊಡದ ಹಾಗೆ ತೂಗಾಡಿದೆ. ಭಯಕ್ಕೆ ಬಲಗೈ ಮುಷ್ಟಿ ಬಿಗಿಯಿತು. ಪೂರಾ ಪೇಸ್ಟು ನನ್ನ ಕೂದಲಿಗೆ. ಸೇಬಿನ ವಾಸನೆ ಇತ್ತು ಅದಕ್ಕೆ, ಚೆನ್ನಾಗಿಯೇ ಇತ್ತು. ಮೂರು ಸಲ ಶಾಂಪೂ ಹಾಕಿದರೂ ಅಂಟು ಬಿಡಲಿಲ್ಲ, ಗಂಡ ಮಾತ್ರ "ಹೇನು ಹುಳ ಏನೇ ಇದ್ರೂ ಇನ್ನಾರು ತಿಂಗಳು ಚಿಂತೆ ಇಲ್ಲ ಬಿಡು" ಅಂದ.

ಆ ಮೇಲೆ ಭಾಯ್ ಒಂದು ಉಪಾಯ ಕಲಿಸಿದರು. ಕಿವಿಗಳ ಹಿಂದೆ ನೆತ್ತಿಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತುವುದು. ಅವನು ತಲೆಯನ್ನು ಒಂದಿಂಚು ತಗ್ಗಿಸಿದರೂ ಸರಿ, ತಕ್ಷಣ ಬೆರಳು ತೆಗೆದುಬಿಡುವುದು. ಕುದುರೆ ಕಲಿಯುವುದು ಒತ್ತಿದ್ದರಿಂದ ಅಲ್ಲ, ಬಿಟ್ಟಿದ್ದರಿಂದ. ಮೇಲೆ ಒಂದು ಚೂರು ಬೆಲ್ಲ. ಮೂರು ವಾರ ದಿನಾ ಹತ್ತು ನಿಮಿಷ ಮಾಡಿದ ಮೇಲೆ ನಾನು ಕೈ ಎತ್ತಿದರೆ ಸಾಕು, ತಲೆಯನ್ನು ನನ್ನ ಎದೆಯ ಮಟ್ಟಕ್ಕೆ ತಂದು ನಿಲ್ಲಿಸುವಷ್ಟಾದ. ನಂಬಿ, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವನು ಹುಲ್ಲು ಜಗಿದ ಹಸಿರು ಬಾಯನ್ನು ನನ್ನ ಬಿಳಿ ಕುರ್ತಾಗೆ ಒರೆಸಿದ.

ಇಷ್ಟೆಲ್ಲ ಆದ ಮೇಲೆ ನನ್ನ ಕಣ್ಣೇ ಬದಲಾಗಿಹೋಗಿದೆ. ದಾರಿಯಲ್ಲಿ ಹೋಗುವಾಗ ಬೇರೆಯವರಿಗೆ ಮರ, ಮನೆ, ಕೆರೆ ಕಾಣುತ್ತದೆ, ನನಗೆ ಕಾಣುವುದು ಹತ್ತಬಹುದಾದ ವಸ್ತುಗಳು. ಮೋರಿಕಟ್ಟೆ ಎರಡಡಿ, ನಡೆಯುತ್ತದೆ. ಮೈಲಿಗಲ್ಲು ಗುಂಡಗಿದೆ, ಜಾರುತ್ತದೆ. ನಿಂತ ಟ್ರ್ಯಾಕ್ಟರ್ ಟ್ರೇಲರ್ ಬಹಳ ಒಳ್ಳೇದು. ಅದೂ ಕುದುರೆಯ ಎಡಕ್ಕೇ ಇರಬೇಕು, ಯಾಕೆಂದರೆ ಎಡಗಡೆಯಿಂದ ಹತ್ತುವುದು ರೂಢಿ. ಹಿಂದಿನ ಕಾಲದ ಸಿಪಾಯಿಗಳು ಎಡ ಸೊಂಟಕ್ಕೆ ಕತ್ತಿ ಕಟ್ಟುತ್ತಿದ್ದರಿಂದ ಬಲಗಾಲು ಎತ್ತುವುದು ಸಲೀಸಾಗಿತ್ತಂತೆ. ನನ್ನ ಸೊಂಟದಲ್ಲಿರುವುದು ಮೊಬೈಲ್.

ಆ ಮೊಬೈಲಿಂದಲೇ ಆಗಿದ್ದು. ಒಂದು ಭಾನುವಾರ ಹುಲ್ಲುಗಾವಲಿನ ಆಚೆ ಹಳ್ಳಿ ದಾರಿಯಲ್ಲಿ ಹೋಗುತ್ತಿದ್ದಾಗ ಜೇಬಿಂದ ಜಾರಿ ಬಿತ್ತು. ಇಳಿಯುವುದು ಕಷ್ಟವಲ್ಲ, ಜಾರುಬಂಡೆ. ನೆಲ ಬರುವಷ್ಟರಲ್ಲಿ ಒಂದು ಸಣ್ಣ ಯೋಚನೆ ಮಾಡಿ ಮುಗಿಸಬಹುದು. ಮೊಬೈಲ್ ಎತ್ತಿಕೊಂಡು ಸುತ್ತ ನೋಡಿದೆ. ಮೋರಿ ಇಲ್ಲ, ಕಲ್ಲಿಲ್ಲ, ಟ್ರ್ಯಾಕ್ಟರ್ ಇಲ್ಲ. ಸುಮಾರು ಎರಡು ಕಿಲೋಮೀಟರ್ ಅವನನ್ನು ನಡೆಸಿಕೊಂಡು ಹೋದ ಮೇಲೆ ಸಿಕ್ಕಿತು, ಅಶ್ವತ್ಥಕಟ್ಟೆ. ಅಶ್ವಗಳು ನಿಲ್ಲುವ ಮರವಾದ್ದರಿಂದ ಅಶ್ವತ್ಥ ಅಂತ ಹೆಸರು ಬಂತು ಅನ್ನುತ್ತಾರೆ. ಅವತ್ತು ಅದು ಅಕ್ಷರಶಃ ನಿಜವಾಗಲಿ ಅಂತ ಬೇಡಿಕೊಂಡೆ.

ಕಟ್ಟೆಯ ಮೇಲೆ ಇಬ್ಬರು ಅಜ್ಜಂದಿರು, ಒಬ್ಬರು ಅಜ್ಜಿ.

"ಯಾಕವ್ವ, ಕುದ್ರೆಗೇನ್ ಕಾಲ್ನೋವಾ? ನಡ್ಸ್ಕೊಂಡ್ ಬತ್ತಿದೀಯಲ್ಲ."

"ಇಲ್ಲ ಅಜ್ಜ, ಹತ್ತೋಕೆ ಎತ್ತರದ ಜಾಗ ಬೇಕಿತ್ತು. ಇಲ್ಲಿ ನಿಂತು ಹತ್ತಲಾ?"

ಅಜ್ಜ ಮರದ ಬುಡದ ನಾಗರಕಲ್ಲಿನ ಕಡೆ ನೋಡಿದರು, ನನ್ನ ಕಾಲಿನ ಕಡೆ ನೋಡಿದರು. "ಅತ್ತವ್ವ, ಅದಕ್ಕೇನು. ಬೂಟ್ ಬಿಚ್ಚಿ ಅತ್ತು. ನಾಗಪ್ಪ ಅವ್ನೆ."

ಸವಾರಿ ಬೂಟು ಮೊಣಕಾಲಿನವರೆಗೆ ಇರುತ್ತದೆ. ಬೆವರಿದ ಕಾಲಿಂದ ಅದನ್ನು ಬಿಚ್ಚುವುದು ಹಲಸಿನ ಹಣ್ಣು ಬಿಡಿಸಿದ ಹಾಗೆ. ಒಂದು ಬೂಟು ನಾನು ಎಳೆದೆ, ಇನ್ನೊಂದನ್ನು ಅಜ್ಜಿ ಎಳೆದುಕೊಟ್ಟರು. ಕಟ್ಟೆ ಹತ್ತಿ ನಿಂತೆ. ದೊಡ್ಡಯ್ಯ ಒಂದು ಹೆಜ್ಜೆ ಆ ಕಡೆ ಸರಿದ. ಇಳಿದು ಸರಿ ನಿಲ್ಲಿಸಿದೆ, ಹತ್ತಿದೆ, ಸರಿದ. ಮೂರನೇ ಸಲಕ್ಕೆ ಅಜ್ಜ ಲಗಾಮು ಹಿಡಿದರು. ದೊಡ್ಡಯ್ಯ ನಿಂತ, ನಿಂತವನು ಕತ್ತು ಉದ್ದ ಮಾಡಿ ನಾಗಪ್ಪನ ಮುಂದಿದ್ದ ಎರಡು ಬಾಳೆಹಣ್ಣನ್ನು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡ. ನನಗೆ ಜೀವ ಬಾಯಿಗೆ ಬಂತು. ಅಜ್ಜಿ ನೋಡಿ, "ಬಿಡವ್ವ, ಇಲ್ದಿದ್ರೆ ಕೋತಿ ತಿಂತಿತ್ತು," ಅಂದರು. ಅವನು ಹಣ್ಣು ಜಗಿಯುವ ಗ್ಯಾಪಿನಲ್ಲಿ ನಾನು ಹತ್ತಿದೆ.

ಹತ್ತಿ ಕೂತು, ಲಗಾಮು ತೆಗೆದುಕೊಂಡು, ಕೈ ಮುಗಿದು ಹೊರಟ ಮೇಲೆ ಹಿಂದಿನಿಂದ ಕೂಗು. "ಅವ್ವಾ, ಬೂಟು!" ಅಜ್ಜ ಒಂದೊಂದಾಗಿ ಎತ್ತಿಕೊಟ್ಟರು. ಅದನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು, ಹಳದಿ ಸಾಕ್ಸಿನ ಕಾಲನ್ನು ರಿಕಾಪಿನಲ್ಲಿಟ್ಟು ಊರ ಮಧ್ಯದಿಂದ ಹಾದುಬಂದೆ. ಒಬ್ಬ ಹುಡುಗ ವಿಡಿಯೋ ಮಾಡಿಕೊಂಡ. ಎಲ್ಲಿ ಹಾಕಿದ್ದಾನೋ ನಾನು ಹುಡುಕಲು ಹೋಗಿಲ್ಲ.

ಮುಂದಿನ ಭಾನುವಾರ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಅದೇ ದಾರಿಯಲ್ಲಿ ಹೋದೆ. ನಾಗಪ್ಪನ ಸಾಲ ಇಟ್ಟುಕೊಳ್ಳಬಾರದು. ಇಳಿದು ನೋಡಿದರೆ ಕಟ್ಟೆಯ ಪಕ್ಕದಲ್ಲಿ ಹಳೇ ಒರಳುಕಲ್ಲೊಂದು ಬೋರಲು ಬಿದ್ದಿದೆ. ಅಜ್ಜ ಎದ್ದು ಬಂದು ಅದರ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು. "ನಿಂಗೇ ಅಂತ ಇಬ್ರು ಐಕ್ಳ ಕೈಲಿ ಉಳ್ಳಿಸ್ಕೊಂಡ್ ಬಂದೆ ಕನವ್ವ. ಇದ್ರ ಮ್ಯಾಲೆ ಬೂಟ್ ಹಾಕ್ಕೊಂಡೇ ಅತ್ತಬೋದು."

ದೊಡ್ಡಯ್ಯ ಒರಳುಕಲ್ಲನ್ನು ನೋಡಿದ. ಕಿವಿ ಎರಡೂ ನೆಟ್ಟಗಾದವು. ಮೂಗಿಂದ ಪ್ರೆಶರ್ ಕುಕ್ಕರ್ ಥರ ಸದ್ದು ಮಾಡಿ ನಾಲ್ಕು ಹೆಜ್ಜೆ ಹಿಂದೆ ಹೋದ, ಅವನ ಜೊತೆ ನಾನೂ ಹೋದೆ. ಬಾಳೆಹಣ್ಣು ತೋರಿಸಿದೆ, ಬೆಲ್ಲ ತೋರಿಸಿದೆ, ಅಜ್ಜಿ ಕಲ್ಲಿನ ಮೇಲೆ ತಾವೇ ಕೂತು ತೋರಿಸಿದರು. 500 ಕಿಲೋ ಹತ್ತಿರದ ಪ್ರಾಣಿ, ಒರಳುಕಲ್ಲು ಅಟ್ಟಿಸಿಕೊಂಡು ಬರುತ್ತದೆ ಅಂತ ತೀರ್ಮಾನ ಮಾಡಿಯಾಗಿತ್ತು. ಕಾಲು ಗಂಟೆ ಆಯಿತು.

ಅಜ್ಜ ಕುದುರೆಯನ್ನು ನೋಡಿದರು, ಕಲ್ಲನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಬೂಟ್ ಬಿಚ್ಚವ್ವ," ಅಂದರು.